ಎಲೆ ಗುಡಿಸುವ ಶನಿವಾರ

(ಕನ್ನಡ ಕೂಟದ ಶರತ್ಕಾಲದ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಭಾಷಣಕ್ಕೆ ಕರೆದರೆ ಅವರು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಬ್ಬು ಇವುಗಳ ಮಾತೆತ್ತಿ ಮುಂದೆ ಬರಲಿರುವ ಹೋಳಿಗೆಯ ರುಚಿಯನ್ನೇ ಕೆಡಿಸುತ್ತಾರೆಂಬ ಅಪವಾದವಿದೆ. ಇಂದು ಆ ಪಾಪಕ್ಕೆ ನಾವು ಹೋಗುವುದಿಲ್ಲ. ನಾವು ಸಾಹಿತಿಗಳೂ ಅಲ್ಲ, ವಾಗ್ಮಿಗಳೂ ಅಲ್ಲ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶಕ್ಕೆ ಬಂದು ರೆಸಿಡೆನ್ಸಿ ಮಾಡಿ, ಅಂದಿನಿಂದ ಮಿಶಿಗನ್ ರಾಜ್ಯದ ಒಂದು ಸಾಧಾರಣ ಊರಿನಲ್ಲಿ ರೋಗಿಗಳನ್ನು ನೋಡಿಕೊಂಡಿರುವವರು. ನಮ್ಮ ಊರಿನ ಚರ್ಚಿನಲ್ಲಿ ಯೌವನಸ್ಥರ ಸಂಘದ ಮಕ್ಕಳ ಜೊತೆ ನಾವೂ ನಮ್ಮ ಮನೆಯವರೂ ಏಳು ವರ್ಷಗಳಿಂದ ಕೆಲಸ ಮಾಡುತ್ತಿದ್ದೇವೆ. ಆ ಮಕ್ಕಳು ಪ್ರತಿ ವರ್ಷ ಒಂದು ಶನಿವಾರ ನಡೆಸುವ ಚಿಕ್ಕ ಸೇವೆಯ ವಿಷಯ ಹೇಳಿರೆಂದು ನಿಮ್ಮ ಅಧ್ಯಕ್ಷರು ಕೇಳಿಕೊಂಡರು. "ಎಲೆ ಗುಡಿಸುವುದರ ಬಗ್ಗೆ ಭಾಷಣವೇ?" ಎಂದು ನಾವು ನಕ್ಕೆವು. ಅವರು ನಗಲಿಲ್ಲ. ಆದ್ದರಿಂದ ನಿಮ್ಮ ಮುಂದೆ ನಿಂತಿದ್ದೇವೆ.

ಈ ನಾಡಿನ ಉತ್ತರ ಭಾಗದಲ್ಲಿ ಅಕ್ಟೋಬರ್ ಬಂತೆಂದರೆ ಮೇಪಲ್, ಓಕ್ ಮರಗಳು ಕೆಂಪಾಗಿ, ಹಳದಿಯಾಗಿ, ನೋಡುವವರ ಕಣ್ಣಿಗೆ ಹಬ್ಬ ಮಾಡುತ್ತವೆ. ಮೂರು ವಾರ ಕಳೆದ ಮೇಲೆ ಅದೇ ಸೌಂದರ್ಯ ಅಂಗಳದ ತುಂಬ ಮೊಣಕಾಲೆತ್ತರ ಬಿದ್ದುಕೊಂಡು, ಮಳೆಯಲ್ಲಿ ನೆನೆದು, ಮನೆಯೊಡೆಯನ ಬೆನ್ನು ಮುರಿಯುತ್ತದೆ. ಗಟ್ಟಿಮುಟ್ಟಾಗಿರುವವರಿಗೆ ಇದು ಒಂದು ದಿನದ ಕೆಲಸ. ಎಂಬತ್ತು ದಾಟಿದ ಒಂಟಿ ಜೀವಕ್ಕೆ ಇದು ಒಂದು ತಿಂಗಳ ಚಿಂತೆ. ಒದ್ದೆಯಾದ ಎಲೆ ಸೋಪಿನಂತೆ ಜಾರುತ್ತದೆ. ಈ ದೇಶದಲ್ಲಿ ಅರವತ್ತೈದು ದಾಟಿದ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಪ್ರತಿ ವರ್ಷ ಒಮ್ಮೆಯಾದರೂ ಬೀಳುತ್ತಾರೆ. ಬಿದ್ದು ಸೊಂಟದ ಮೂಳೆ ಮುರಿದುಕೊಂಡವರಲ್ಲಿ ಎಷ್ಟೋ ಮಂದಿ ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಹೀಗಾಗಿ ಎಲೆ ಗುಡಿಸುವುದು ವೈದ್ಯನ ಕಣ್ಣಿಗೆ ಅಷ್ಟೇನೂ ಹಗುರವಾದ ವಿಷಯವಲ್ಲ.

ಈ ದೇಶದ ಚರ್ಚುಗಳ ಮಕ್ಕಳಿಗೆ ಇಂಥ ಕೆಲಸ ಹೊಸದಲ್ಲ. 1881ರಲ್ಲಿ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಸಭಾಪಾಲಕರು ತಮ್ಮ ಚರ್ಚಿನ ಹುಡುಗ ಹುಡುಗಿಯರನ್ನು ಸೇರಿಸಿ 'ಕ್ರಿಶ್ಚಿಯನ್ ಎಂಡೆವರ್' ಎಂಬ ಸಂಘ ಕಟ್ಟಿದರು. ಯುವಕರು ಹಿರಿಯರ ಉಪದೇಶ ಕೇಳುವುದಕ್ಕೆ ಮಾತ್ರ ಇರುವವರಲ್ಲ, ಅವರಿಗೂ ಹೊಣೆ ಕೊಡಬೇಕು ಎಂಬುದು ಅದರ ಹಿಂದಿನ ವಿಚಾರ. ಅಲ್ಲಿಂದ ಅದು ದೇಶ ದೇಶಗಳಿಗೆ ಹರಡಿತು. 1950ರಲ್ಲಿ ಫಿಲಡೆಲ್ಫಿಯಾದ ಸಭಾಪಾಲಕ ಕ್ಲೈಡ್ ಆಲಿಸನ್ ಮತ್ತು ಅವರ ಪತ್ನಿ ಮೇರಿ ಎಮ್ಮಾ ಆಲಿಸನ್ ಮತ್ತೊಂದು ಉಪಾಯ ಮಾಡಿದರು. ಹ್ಯಾಲೋವೀನ್ ರಾತ್ರಿ ಮಿಠಾಯಿಗಾಗಿ ಮನೆ ಮನೆ ತಿರುಗುವ ಮಕ್ಕಳ ಕೈಗೆ ಹಾಲಿನ ಖಾಲಿ ಡಬ್ಬಿ ಕೊಟ್ಟು, ಬೇರೆ ದೇಶಗಳ ಹಸಿದ ಮಕ್ಕಳಿಗಾಗಿ ಯೂನಿಸೆಫ್ ಹೆಸರಿನಲ್ಲಿ ಚಿಲ್ಲರೆ ಕೂಡಿಸಿದರು. ಮೊದಲ ವರ್ಷ ಕೂಡಿದ್ದು 17 ಡಾಲರ್. ಮುಂದೆ ಅದು ದೇಶವ್ಯಾಪಿಯಾಗಿ ಕೋಟಿಗಟ್ಟಲೆ ಡಾಲರ್ ಕೂಡಿಸಿತು. 1990ರಲ್ಲಿ ದಕ್ಷಿಣ ಕೆರೊಲಿನಾದ ಕೊಲಂಬಿಯಾದಲ್ಲಿ ಒಂದು ಪ್ರೆಸ್ಬಿಟೀರಿಯನ್ ಚರ್ಚಿನ ಮಕ್ಕಳು, ಸೂಪರ್ ಬೌಲ್ ಪಂದ್ಯದ ಭಾನುವಾರ ಚರ್ಚಿನ ಬಾಗಿಲಲ್ಲಿ ಸೂಪಿನ ಪಾತ್ರೆ ಹಿಡಿದು ನಿಂತು, ಹಸಿದವರಿಗಾಗಿ ಹಣ ಕೇಳಿದರು. ಆ ವರ್ಷ ಇಪ್ಪತ್ತೆರಡು ಚರ್ಚುಗಳು ಸೇರಿ ಕೂಡಿಸಿದ್ದು ಸುಮಾರು 5,700 ಡಾಲರ್.

ಈ ಮೂರು ಕಥೆಗಳಲ್ಲಿಯೂ ಒಂದು ಸಮಾನ ಗುಣವನ್ನು ಗಮನಿಸಬೇಕು. ಹಿರಿಯರು ಮಕ್ಕಳ ಆಟವನ್ನು ನಿಲ್ಲಿಸಿ ಸೇವೆಗೆ ಎಳೆಯಲಿಲ್ಲ. ಮಕ್ಕಳು ಎಲ್ಲಿ ಆಡುತ್ತಿದ್ದರೋ ಅಲ್ಲಿಗೇ ಸೇವೆಯನ್ನು ತಂದರು. ಹ್ಯಾಲೋವೀನ್ ಇದ್ದೇ ಇತ್ತು, ಡಬ್ಬಿ ಸೇರಿತು. ಫುಟ್ಬಾಲ್ ಇದ್ದೇ ಇತ್ತು, ಸೂಪಿನ ಪಾತ್ರೆ ಸೇರಿತು. ನಮ್ಮ ಕನ್ನಡ ನಾಡಿನ ಸಭೆಗಳಲ್ಲಿ ಬೆಳೆದವರಿಗೆ ಇದು ಅಪರಿಚಿತವಲ್ಲ. ಸುಗ್ಗಿ ಹಬ್ಬದ ದಿನ ಚರ್ಚಿನ ಅಂಗಳದಲ್ಲಿ ಕುಂಬಳಕಾಯಿ, ಬಾಳೆಗೊನೆ, ಕೋಳಿ ಇವುಗಳ ಹರಾಜು ನಡೆಯುತ್ತಿತ್ತು. ಒಂದು ನಿಂಬೆಹಣ್ಣಿಗೆ ಇಬ್ಬರು ಹಿರಿಯರು ಪೈಪೋಟಿಗೆ ಬಿದ್ದು ಬೆಲೆ ಏರಿಸುವಾಗ ನಾವು ಹುಡುಗರು ಬಿದ್ದು ಬಿದ್ದು ನಗುತ್ತಿದ್ದೆವು. ಆ ಹಣ ಸಭೆಯ ಕೆಲಸಕ್ಕೆ ಹೋಗುತ್ತದೆಂಬ ಅರಿವು ಬಂದದ್ದು ಬಹಳ ತಡವಾಗಿ. ನಗು ಮೊದಲು ಬಂತು, ಅರ್ಥ ಆಮೇಲೆ ಬಂತು.

ಆದರೆ ಈ ಪಾಠವನ್ನು ನಾವು ಮೊದಲ ವರ್ಷ ಮರೆತೇ ಬಿಟ್ಟಿದ್ದೆವು. ಅದರ ಫಲವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ಆ ವರ್ಷ ಹನ್ನೆರಡು ಮಕ್ಕಳನ್ನು ಸೇರಿಸಿ, ಚರ್ಚಿನ ವ್ಯಾನಿನಲ್ಲಿ ತುಂಬಿಕೊಂಡು ಹೊರಟೆವು. ಅಮೆರಿಕದ ಚರ್ಚುಗಳಲ್ಲಿ ಇದಕ್ಕೆ 'ರೇಕ್ ಅಂಡ್ ರನ್' ಎಂಬ ಹೆಸರಿದೆ. ಹೇಳದೆ ಕೇಳದೆ ಒಂದು ಮನೆಯ ಅಂಗಳಕ್ಕೆ ಹೋಗಿ, ಎಲೆ ಗುಡಿಸಿ, ಮನೆಯವರು ಹೊರಬರುವ ಮೊದಲೇ ಓಡಿಹೋಗುವುದು. ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕೆಂಬ ತತ್ತ್ವಕ್ಕೆ ಇದು ಬಹಳ ಒಪ್ಪುತ್ತದೆಂದು ನಾವು ಭಾವಿಸಿದ್ದೆವು. ಮಕ್ಕಳ ಮುಖ ನೋಡಿದರೆ ಮದುವೆ ಮನೆಯಲ್ಲಿ ಪಾತ್ರೆ ತೊಳೆಯಲು ಕೂರಿಸಿದಂತಿತ್ತು. ಅರ್ಧ ಗಂಟೆಗೊಮ್ಮೆ ಯಾರೋ ಒಬ್ಬರು, "ಡಾಕ್ಟರ್, ನಮ್ಮ ಶಾಲೆಯ ಗಂಟೆಗಳ ಪಟ್ಟಿಗೆ ಸಹಿ ಹಾಕುತ್ತೀರಾ?" ಎಂದು ಕೇಳುತ್ತಿದ್ದರು.

ಮೂರನೆಯ ಮನೆಯಲ್ಲಿ ಪರದೆ ಅಲುಗಿತು. ಬಾಗಿಲು ತೆರೆದು ಎಂಬತ್ತರ ಆಸುಪಾಸಿನ ಒಬ್ಬ ತಾಯಿ ಹೊರಬಂದರು. ಕೋಟು ತೊಟ್ಟಿದ್ದರು, ಕೈಯಲ್ಲಿ ಅವರದೇ ರೇಕು ಇತ್ತು. "ನನ್ನ ಕೈಲಾಗುವುದಿಲ್ಲವೆಂದು ನಿಮಗೆ ಹೇಳಿದವರು ಯಾರು?" ಎಂದು ಕೇಳಿದರು. ಧ್ವನಿ ಎತ್ತರವಾಗಿರಲಿಲ್ಲ. ಆದರೂ ಹನ್ನೆರಡು ಮಕ್ಕಳೂ ನಿಂತಲ್ಲೇ ನಿಂತರು. ಆ ಮೇಪಲ್ ಮರವನ್ನು ಅವರ ಪತಿ ನೆಟ್ಟಿದ್ದರಂತೆ. ಪತಿ ತೀರಿಹೋಗಿ ಹತ್ತು ವರ್ಷಗಳಾಗಿದ್ದವು. ಪ್ರತಿದಿನ ಮಧ್ಯಾಹ್ನ ಸ್ವಲ್ಪ ಸ್ವಲ್ಪವೇ ಆ ಎಲೆಗಳನ್ನು ಗುಡಿಸುವುದು ಅವರ ನೇಮವಾಗಿತ್ತು. ನಾವು ಹೋಗಿ ಅವರ ಒಂದು ವಾರದ ನೇಮವನ್ನು ಇಪ್ಪತ್ತು ನಿಮಿಷದಲ್ಲಿ ಚೀಲಕ್ಕೆ ತುಂಬಿ, ಅದರ ಬಾಯಿ ಮಡಚಿ ರಸ್ತೆಯ ಬದಿಗೆ ಇಟ್ಟಿದ್ದೆವು.

ನಾವು ಕ್ಷಮೆ ಕೇಳಿದೆವು. ಅವರು ಕ್ಷಮಿಸಿದರು, ಆದರೆ ಒಳಗೆ ಕರೆಯಲಿಲ್ಲ. ಹಿಂತಿರುಗುವಾಗ ವ್ಯಾನಿನಲ್ಲಿ ಹದಿಮೂರು ವರ್ಷದ ಒಬ್ಬ ಹುಡುಗ, "ನಾವು ಅವರಿಗೆ ಸಹಾಯ ಮಾಡಿದೆವೋ, ಅಥವಾ ನಮಗೆ ನಾವೇ ಮಾಡಿಕೊಂಡೆವೋ?" ಎಂದು ಕೇಳಿದ. ನಮ್ಮ ಬಳಿ ಉತ್ತರವಿರಲಿಲ್ಲ.

ಆ ಚಳಿಗಾಲ ನಮ್ಮ ಸಭಾಪಾಲಕರು, ನಾವು ಮತ್ತು ನಾಲ್ಕಾರು ಮಕ್ಕಳು ಕುಳಿತು ಯೋಚಿಸಿದೆವು. ಆಗ ನಮಗೆ ನೆನಪಾದದ್ದು ನಮ್ಮ ನಾಡಿನ ಮುಯ್ಯಾಳು ಪದ್ಧತಿ. ನಿಮ್ಮಲ್ಲಿ ಹಳ್ಳಿಯಿಂದ ಬಂದವರಿಗೆ ಅದು ಗೊತ್ತು. ಇಂದು ನಮ್ಮ ಹೊಲದ ಕಳೆ ಕೀಳಲು ನೀವು ಬರುತ್ತೀರಿ, ನಾಳೆ ನಿಮ್ಮ ಹೊಲದ ಕೊಯ್ಲಿಗೆ ನಾವು ಬರುತ್ತೇವೆ. ಕೂಲಿಯಿಲ್ಲ, ದಾನವೂ ಇಲ್ಲ. ಅಲ್ಲಿ ತಲೆ ತಗ್ಗಿಸುವವರು ಯಾರೂ ಇಲ್ಲ. ದಾನ ತೆಗೆದುಕೊಳ್ಳುವವನ ಕೈ ಕೆಳಗಿರುತ್ತದೆ, ಮುಯ್ಯಿ ತೆಗೆದುಕೊಳ್ಳುವವನ ಕೈ ಸಮಸಮನಾಗಿರುತ್ತದೆ. ನಮ್ಮ ಸಭಾಪಾಲಕರಿಗೆ ಇದನ್ನು ವಿವರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ನಾವು ಹುಡುಕುತ್ತಿದ್ದ ಪದ ಇದೇ" ಎಂದರು. ಅಂದಿನಿಂದ ನಮ್ಮ ಚರ್ಚಿನ ಅಮೆರಿಕನ್ ಮಕ್ಕಳು 'ಮುಯ್ಯಿ' ಎನ್ನುವುದನ್ನು 'ಮೂಯೀ' ಎಂದು ಎಳೆದು ಹೇಳುತ್ತಾರೆ. ಅಷ್ಟರ ಮಟ್ಟಿಗೆ ಕನ್ನಡ ಮಿಶಿಗನ್ನಿನಲ್ಲಿ ಬೇರೂರಿದೆ.

ಎರಡನೆಯ ವರ್ಷದಿಂದ ನಾವು ಅನುಸರಿಸುತ್ತಿರುವ ಕ್ರಮವನ್ನು ಈಗ ಹೇಳುತ್ತೇವೆ. ನಿಮ್ಮ ಕೂಟದ ಮಕ್ಕಳು ಇಂಥದೊಂದನ್ನು ಮಾಡುವುದಾದರೆ ಉಪಯೋಗವಾದೀತು.

ಮೊದಲನೆಯದು, ಕೇಳುವುದು. ಎರಡು ವಾರ ಮುಂಚೆಯೇ ಇಬ್ಬರು ಮಕ್ಕಳು, ಜೊತೆಗೆ ಒಬ್ಬ ಹಿರಿಯರು, ಮನೆ ಮನೆಗೆ ಹೋಗಿ ಕದ ತಟ್ಟುತ್ತಾರೆ. ಮಾತನಾಡುವವರು ಮಕ್ಕಳೇ. ಅವರ ಕೈಯಲ್ಲಿ ಒಂದು ಹಾಳೆ ಇರುತ್ತದೆ. ಮನೆಯಲ್ಲಿ ಎಷ್ಟು ಜನ, ಎಲೆಯನ್ನು ಎಲ್ಲಿ ರಾಶಿ ಹಾಕಬೇಕು, ನಾಯಿ ಇದೆಯೇ, ನೀರು ಚಿಮ್ಮಿಸುವ ಕೊಳವೆಗಳು ನೆಲದಲ್ಲಿ ಎಲ್ಲಿವೆ, ಮುಟ್ಟಬಾರದ ಗಿಡ ಯಾವುದು. ಕೊನೆಯ ಪ್ರಶ್ನೆ ಅತಿ ಮುಖ್ಯವಾದುದು: "ನಮಗೆ ನೀವು ಏನು ಕಲಿಸಬಲ್ಲಿರಿ, ಅಥವಾ ಏನು ಮಾಡಿಕೊಡಬಲ್ಲಿರಿ?" ಈ ಪ್ರಶ್ನೆಗೆ ಉತ್ತರ ಸಿಕ್ಕ ಮನೆಗೆ ಮಾತ್ರ ನಾವು ಹೋಗುತ್ತೇವೆ. ಒಬ್ಬರು ಗಂಟು ಹಾಕುವ ಹತ್ತು ಬಗೆ ಕಲಿಸಿದರು, ಅವರು ಹಿಂದೆ ನೌಕಾಪಡೆಯಲ್ಲಿದ್ದವರು. ಒಬ್ಬರು ಸೇಬಿನ ಕಡುಬು ಮಾಡಿಕೊಟ್ಟರು. ಮಾತು ಕಷ್ಟವಾದ ಒಬ್ಬ ಅಜ್ಜ ಮಕ್ಕಳ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆದುಕೊಟ್ಟರು.

ಎರಡನೆಯದು, ಆಟ. ಆರಾರು ಮಕ್ಕಳ ತಂಡ, ಪ್ರತಿ ತಂಡಕ್ಕೆ ಇಬ್ಬರು ಹಿರಿಯರು. ತಂಡದ ಹೆಸರನ್ನು ಮಕ್ಕಳೇ ಇಡುತ್ತಾರೆ. ಅತಿ ಎತ್ತರದ ರಾಶಿಗೆ ಅಂಕ, ಅತಿ ದೊಡ್ಡ ಎಲೆಗೆ ಅಂಕ, ಒಂದೇ ಎಲೆಯಲ್ಲಿ ಮೂರು ಬಣ್ಣ ಕಂಡವರಿಗೆ ಅಂಕ. ಚೀಲಕ್ಕೆ ತುಂಬುವ ಮೊದಲು ಪ್ರತಿಯೊಬ್ಬರಿಗೂ ರಾಶಿಯ ಮೇಲೆ ಒಮ್ಮೆ ಹಾರಲು ಹಕ್ಕಿದೆ. ಈ ಹಕ್ಕನ್ನು ಕಸಿದರೆ ಇಡೀ ಕಾರ್ಯಕ್ರಮ ಬಿದ್ದುಹೋಗುತ್ತದೆಂದು ಅನುಭವದಿಂದ ಹೇಳುತ್ತೇವೆ. ಗೆದ್ದ ತಂಡಕ್ಕೆ ಚಿನ್ನದ ಬಣ್ಣ ಬಳಿದ ಒಂದು ಹಳೆಯ ರೇಕು ಬಹುಮಾನ. ಅದರ ಎರಡು ಹಲ್ಲು ಮುರಿದಿವೆ. ಆದರೂ ಅದಕ್ಕಾಗಿ ನಡೆಯುವ ಪೈಪೋಟಿ ನೋಡಿದರೆ ಸುಗ್ಗಿ ಹಬ್ಬದ ಹರಾಜೇ ನೆನಪಾಗುತ್ತದೆ.

ಅಂಕ ಕೊಡುವ ತೀರ್ಪುಗಾರರು ಯಾರೆಂದು ಊಹಿಸಬಲ್ಲಿರಾ? ಮೊದಲ ವರ್ಷ ನಮ್ಮನ್ನು ಪ್ರಶ್ನಿಸಿದ ಆ ತಾಯಿಯೇ. ಎರಡನೆಯ ವರ್ಷ ಅದೇ ಹುಡುಗ ಅವರ ಕದ ತಟ್ಟಿ, "ನಿಮ್ಮ ಎಲೆಗಳನ್ನು ನಾವು ಮುಟ್ಟುವುದಿಲ್ಲ. ಆದರೆ ಸರಿಯಾಗಿ ಗುಡಿಸುವುದು ಹೇಗೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ಬಂದು ನೋಡುತ್ತೀರಾ?" ಎಂದ. ಅವರು ಕೋಟು ತೊಟ್ಟು ಬಂದರು, ಮಡಚುವ ಕುರ್ಚಿಯಲ್ಲಿ ಕುಳಿತರು, ನಾಲ್ಕು ಅಂಗಳಗಳಿಗೆ ಅಂಕ ಕೊಟ್ಟರು. ಬಹಳ ಕಟ್ಟುನಿಟ್ಟು, ಮೂಲೆಯಲ್ಲಿ ಒಂದು ಹಿಡಿ ಎಲೆ ಉಳಿದರೂ ಎರಡು ಅಂಕ ಕಡಿತ. ಮೂರನೆಯ ವರ್ಷ ಅವರೇ ನಮ್ಮನ್ನು ಕರೆದು, ಮರದ ಬೀದಿಯ ಕಡೆಯ ಅರ್ಧ ಭಾಗ ಮಕ್ಕಳದು, ಮನೆಯ ಕಡೆಯ ಅರ್ಧ ತಮ್ಮದು ಎಂದು ಗಡಿ ಹಾಕಿದರು.

ಮೂರನೆಯದು, ಸಾಮಾನು ಮತ್ತು ವೇಳೆ. ಚೀಲಕ್ಕೆ ಹಿಡಿಹಿಡಿಯಾಗಿ ತುಂಬುವುದು ವ್ಯರ್ಥ ಶ್ರಮ. ನೆಲದ ಮೇಲೆ ತಾಡಪತ್ರಿ ಹಾಸಿ, ಎಲೆಯನ್ನು ಅದರ ಮೇಲಕ್ಕೆ ಎಳೆದು, ನಾಲ್ಕು ಮೂಲೆ ಹಿಡಿದು ಸಾಗಿಸಿದರೆ ಕೆಲಸ ಅರ್ಧವಾಗುತ್ತದೆ. ನಮ್ಮ ಊರಿನಲ್ಲಿ ದೊಡ್ಡ ಕಾಗದದ ಚೀಲದಲ್ಲಿ ಹಾಕಿದ ಎಲೆಯನ್ನು ಮಾತ್ರ ಕಸದ ಗಾಡಿಯವರು ಒಯ್ಯುತ್ತಾರೆ. ಅವರ ಕೊನೆಯ ದಿನವನ್ನು ಮೊದಲೇ ತಿಳಿದುಕೊಂಡು, ಅದಕ್ಕಿಂತ ಒಂದು ವಾರ ಮುಂಚಿನ ಶನಿವಾರವನ್ನು ಆರಿಸುತ್ತೇವೆ; ಮಳೆ ಬಂದರೆ ಮುಂದಿನ ಶನಿವಾರ ಇದ್ದೇ ಇರುತ್ತದೆ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡೂವರೆ. ಅದಕ್ಕಿಂತ ಹೆಚ್ಚಾದರೆ ಮಕ್ಕಳ ಉತ್ಸಾಹವೂ ಹಿರಿಯರ ಸೊಂಟವೂ ಎರಡೂ ಸೋಲುತ್ತವೆ.

ನಾಲ್ಕನೆಯದು, ವೈದ್ಯನ ಮಾತು. ಹೋಳಿಗೆಯ ತಂಟೆಗೆ ಹೋಗುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ, ಆದರೆ ಇಷ್ಟನ್ನು ಹೇಳಲೇಬೇಕು. ಏಣಿ ಹತ್ತಿ ಮಾಡಿನ ದೋಣಿಯನ್ನು ಶುಚಿ ಮಾಡುವ ಕೆಲಸಕ್ಕೆ ಮಕ್ಕಳನ್ನು ಎಂದೂ ಹಚ್ಚಬೇಡಿರಿ. ಒಣಗಿದ ಎಲೆಯ ಧೂಳಿನಲ್ಲಿ ಬೂಷ್ಟಿನ ಕಣಗಳಿರುತ್ತವೆ. ಆಸ್ತಮಾ ಇರುವ ಮಗು ತನ್ನ ಇನ್ಹೇಲರನ್ನು ಕಾರಿನಲ್ಲಿ ಇಡದೆ ಜೇಬಿನಲ್ಲಿಯೇ ಇಟ್ಟುಕೊಂಡಿರಲಿ. ಶರತ್ಕಾಲದಲ್ಲಿ ನೆಲದೊಳಗಿನ ಕಣಜದ ಗೂಡುಗಳು ತುಂಬಿರುತ್ತವೆ. ಕಣಜ ಕಡಿದರೆ ಅಲರ್ಜಿಯಾಗುವ ಮಗುವಿನ ಔಷಧದ ಸೂಜಿ ತಂಡದ ಹಿರಿಯರ ಕೈಯಲ್ಲಿರಬೇಕು. ಲೈಮ್ ರೋಗವನ್ನು ಹರಡುವ ಕರಿಗಾಲಿನ ಉಣ್ಣೆ ಬೇಸಿಗೆಯಲ್ಲಿ ಮಾತ್ರ ಇರುತ್ತದೆಂದು ಹಲವರು ತಿಳಿದಿದ್ದಾರೆ. ಬೆಳೆದ ಉಣ್ಣೆಗಳು ಅಕ್ಟೋಬರ್, ನವೆಂಬರ್‌ನಲ್ಲಿಯೂ ನೀರು ಹೆಪ್ಪುಗಟ್ಟುವವರೆಗೆ ಚುರುಕಾಗಿರುತ್ತವೆ, ಎಲೆಯ ಅಡಿಯೇ ಅವುಗಳ ಮನೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ ಹೋಗಿರಿ. ಮನೆಗೆ ಬಂದು ಸ್ನಾನ ಮಾಡುವಾಗ ಕಂಕುಳು, ಮೊಣಕಾಲಿನ ಹಿಂದೆ, ಕೂದಲಿನ ಬುಡ ನೋಡಿಕೊಳ್ಳಿರಿ. ಉಣ್ಣೆ ಕಂಡರೆ ಬೆಂಕಿಕಡ್ಡಿ, ವ್ಯಾಸಲಿನ್ ಯಾವುದೂ ಬೇಡ. ಮೊನಚು ಚಿಮುಟದಿಂದ ಚರ್ಮದ ಸಮೀಪ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಪಾಯ್ಸನ್ ಐವಿ ಬಳ್ಳಿಯಲ್ಲಿ ಎಲೆ ಉದುರಿದ ಮೇಲೂ ತುರಿಕೆಯ ಎಣ್ಣೆ ಉಳಿದಿರುತ್ತದೆ. ಅದನ್ನು ಸುಟ್ಟರೆ ಹೊಗೆ ಶ್ವಾಸಕೋಶಕ್ಕೆ ಅಪಾಯ. ಇನ್ನು ಧನುರ್ವಾಯು ಲಸಿಕೆ ಹತ್ತು ವರ್ಷಕ್ಕೊಮ್ಮೆ. ಇದು ಮಕ್ಕಳಿಗಿಂತ ಹೆಚ್ಚಾಗಿ ಮರೆಗುಳಿ ತಂದೆಯರಿಗೆ ಹೇಳುವ ಮಾತು.

ಐದನೆಯದು, ಕೊನೆಯ ಹತ್ತು ನಿಮಿಷ. ಗುಡಿಸಿ ಓಡುವ ಪದ್ಧತಿಯನ್ನು ನಾವು ಕೈಬಿಟ್ಟೆವು. ಗುಡಿಸಿ ಕೂರುವ ಪದ್ಧತಿ ತಂದೆವು. ಕೆಲಸ ಮುಗಿದ ಮೇಲೆ ತಂಡದವರೆಲ್ಲರೂ ಮನೆಯ ಮುಂದಿನ ಮೆಟ್ಟಿಲ ಮೇಲೆ ಮನೆಯವರೊಂದಿಗೆ ಹತ್ತು ನಿಮಿಷ ಕುಳಿತು ಮಾತನಾಡಬೇಕು. ಫೋನ್ ಜೇಬಿನಿಂದ ಹೊರಗೆ ಬರಕೂಡದು. ಮಕ್ಕಳಿಗೆ ಇಡೀ ದಿನದಲ್ಲಿ ಕಷ್ಟವಾದ ಕೆಲಸ ಇದೇ ಆಗಿತ್ತು. ಈಗ ಅದೇ ಹತ್ತು ನಿಮಿಷ ಅರ್ಧ ಗಂಟೆಯಾಗಿ ನಮ್ಮ ವೇಳಾಪಟ್ಟಿಯನ್ನು ಕೆಡಿಸುತ್ತಿದೆ.

ಇಲ್ಲಿಯವರೆಗೆ ಮಕ್ಕಳ ಕಥೆ ಹೇಳಿದೆವು. ಇನ್ನು ನಮ್ಮ ಕಥೆ. ಹೇಳಲು ಸಂಕೋಚವಿದೆ. ಆದರೆ ಇದನ್ನು ಬಿಟ್ಟರೆ ಈ ಭಾಷಣಕ್ಕೆ ಅರ್ಥವಿಲ್ಲ.

ನಾಲ್ಕನೆಯ ವರ್ಷ ನಮ್ಮದೇ ಬೀದಿಯ ಸರದಿ ಬಂತು. ನಮ್ಮ ಮಗಳು ಮತ್ತೊಬ್ಬ ಹುಡುಗನೊಂದಿಗೆ ಹಾಳೆ ಹಿಡಿದು ಹೋದಳು. ಸಂಜೆ ಆ ಹಾಳೆಗಳನ್ನು ನಾವು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ತಂಡಗಳನ್ನು ಹಂಚುತ್ತಿದ್ದೆವು. ನಮ್ಮ ಮನೆಯಿಂದ ಎರಡು ಮನೆ ಆಚೆ ಇರುವ ದಂಪತಿಗಳ ಹಾಳೆ ಬಂತು. ನಿವೃತ್ತ ಶಾಲಾ ಮಾಸ್ತರರು, ಅವರ ಪತ್ನಿ. ನಾವು ಈ ಮನೆಗೆ ಬಂದ ದಿನ ಬ್ರೆಡ್ ತಂದುಕೊಟ್ಟವರು ಅವರೇ. ಹಾಳೆಯಲ್ಲಿ 'ಮನೆಯಲ್ಲಿ ಎಷ್ಟು ಜನ' ಎಂಬಲ್ಲಿ ಮಗಳು 'ಒಬ್ಬರು' ಎಂದು ಬರೆದಿದ್ದಳು. "ಇದು ತಪ್ಪು, ಇಬ್ಬರು" ಎಂದು ನಾವು ಪೆನ್ನು ತೆಗೆದು ತಿದ್ದಿದೆವು.

ಅವಳು ಹಾಳೆಯನ್ನು ನೋಡಿ, ನಮ್ಮ ಮುಖವನ್ನು ನೋಡಿ, "ಇಲ್ಲ ಅಪ್ಪಾ, ಆಂಟಿ ತೀರಿಹೋದರಂತೆ. ಹೋದ ವರ್ಷ ಫೆಬ್ರವರಿಯಲ್ಲಿ" ಎಂದಳು.

ಆಗ ನವೆಂಬರ್ ಸಮೀಪಿಸಿತ್ತು. ಲೆಕ್ಕ ಹಾಕಿದರೆ ಇಪ್ಪತ್ತು ತಿಂಗಳು. ಎರಡು ಮನೆಯಾಚೆ ಒಂದು ಸಾವಾಗಿತ್ತು, ಶವಪೆಟ್ಟಿಗೆ ಹೊರಟಿತ್ತು, ಒಬ್ಬ ಮನುಷ್ಯ ಒಂದು ತಟ್ಟೆಗೆ ಅನ್ನ ಹಾಕಿಕೊಳ್ಳಲು ಕಲಿತಿದ್ದ. ನಮಗೆ ಗೊತ್ತೇ ಇರಲಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಪ್ರತಿಯೊಬ್ಬ ವೃದ್ಧ ರೋಗಿಗೂ ನಾವು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, "ಮನೆಯಲ್ಲಿ ನಿಮ್ಮ ಜೊತೆ ಯಾರಿದ್ದಾರೆ?" ಎಂಬುದು. ನಮ್ಮ ಬೀದಿಯಲ್ಲಿ ಅದನ್ನು ಕೇಳಿರಲಿಲ್ಲ.

ಇದು ಹೇಗೆ ಸಾಧ್ಯವೆಂದು ನೀವು ಕೇಳಬಹುದು. ಬಹಳ ಸುಲಭವಾಗಿ ಸಾಧ್ಯ. ಕತ್ತಲೆಯಲ್ಲಿ ಹೊರಡುತ್ತೇವೆ, ಕತ್ತಲೆಯಲ್ಲಿ ಬರುತ್ತೇವೆ. ಕಾರಿನಲ್ಲಿ ಕುಳಿತೇ ಗುಂಡಿ ಒತ್ತಿದರೆ ಗ್ಯಾರೇಜಿನ ಬಾಗಿಲು ತೆರೆಯುತ್ತದೆ, ಒಳಗೆ ಹೋದ ಮೇಲೆ ಇನ್ನೊಮ್ಮೆ ಒತ್ತಿದರೆ ಮುಚ್ಚುತ್ತದೆ. ಕಾಲು ಬೀದಿಗೆ ತಾಗುವುದೇ ಇಲ್ಲ. ಶನಿವಾರ ಬಂತೆಂದರೆ ಐವತ್ತು ಮೈಲಿ ಕಾರು ಓಡಿಸಿ ಕನ್ನಡಿಗರ ಮನೆಗೆ ಊಟಕ್ಕೆ ಹೋಗುತ್ತೇವೆ. ಧಾರವಾಡದಲ್ಲಿ ನಮ್ಮ ತಾಯಿಗೆ ಜ್ವರ ಬಂದರೆ ಒಂದು ಗಂಟೆಯೊಳಗೆ ಫೋನಿನಲ್ಲಿ ತಿಳಿಯುತ್ತದೆ. ಎರಡು ಮನೆಯಾಚೆಯ ಸಾವು ತಿಳಿಯಲು ಇಪ್ಪತ್ತು ತಿಂಗಳು ಬೇಕಾಯಿತು. ದೂರವನ್ನು ಮೈಲಿಗಳಲ್ಲಿ ಅಳೆಯುವುದು ತಪ್ಪೆಂದು ಅಂದು ಮನದಟ್ಟಾಯಿತು.

ಆ ಶನಿವಾರ ನಾವು ಬೇರೆ ತಂಡಕ್ಕೆ ಹೋಗದೆ ಮಾಸ್ತರರ ಅಂಗಳಕ್ಕೇ ಹೋದೆವು. ಕ್ಷಮೆ ಕೇಳಲು ಹಿಂದಿನ ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆವು. ಅವರು ಬಾಗಿಲು ತೆರೆದು, ನಮ್ಮ ಕೈ ಹಿಡಿದು, "ಡಾಕ್ಟರ್, ನಿಮಗೆ ಬಹಳ ಕೆಲಸವೆಂದು ಅವಳು ಯಾವಾಗಲೂ ಹೇಳುತ್ತಿದ್ದಳು" ಎಂದರು. ಜೋಡಿಸಿಕೊಂಡಿದ್ದ ಮಾತು ಒಂದೂ ಹೊರಬರಲಿಲ್ಲ. ರೇಕು ಹಿಡಿದು ಗುಡಿಸಿದೆವು. ಅವರು ಮಕ್ಕಳಿಗೆ ಕಲಿಸುತ್ತೇವೆಂದು ಬರೆಸಿದ್ದು ಚದುರಂಗ. ಈಗ ಗುರುವಾರ ಸಂಜೆ ನಮ್ಮ ಮಗಳು ಅವರ ಮನೆಗೆ ಹೋಗುತ್ತಾಳೆ. ಏಳು ಬಾರಿ ಸೋತ ಮೇಲೆ ಒಮ್ಮೆ ಗೆದ್ದಿದ್ದಾಳೆ. ಅವರು ಬೇಕೆಂದೇ ಸೋತರೆಂದು ಅವಳಿಗೆ ಸಂಶಯ.

ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದಲ್ಲಿ ಹುಟ್ಟಿದ ಡಾ. ವಿವೇಕ್ ಮೂರ್ತಿಯವರ ಹೆಸರು ನಿಮಗೆಲ್ಲ ಪರಿಚಿತ. ಅವರು ಈ ದೇಶದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ, ಒಂಟಿತನವನ್ನೂ ಜನರಿಂದ ದೂರವಾಗಿ ಬದುಕುವುದನ್ನೂ ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಸಾರಿ ಒಂದು ಸಲಹಾಪತ್ರ ಹೊರಡಿಸಿದರು. ಸಂಬಂಧಗಳಿಲ್ಲದ ಬದುಕಿನಿಂದ ಆಯುಸ್ಸಿಗೆ ಆಗುವ ಹಾನಿಯನ್ನು ಅದು ದಿನಕ್ಕೆ ಹದಿನೈದು ಸಿಗರೇಟು ಸೇದುವುದಕ್ಕೆ ಹೋಲಿಸಿತು. ನಾವು ರೋಗಿಗಳಿಗೆ ಸಿಗರೇಟು ಬಿಡಿಸಲು ಎಷ್ಟು ಹೆಣಗುತ್ತೇವೆ! ಎದುರು ಮನೆಯ ಕದ ತಟ್ಟುವುದು ಅಷ್ಟೇ ಒಳ್ಳೆಯ ಔಷಧವೆಂದು ಯಾವ ಚೀಟಿಯಲ್ಲಿಯೂ ಬರೆದುಕೊಟ್ಟಿರಲಿಲ್ಲ.

ಇನ್ನು ಎರಡು ಪ್ರಶ್ನೆಗಳು ನಿಮ್ಮ ಮನಸ್ಸಿನಲ್ಲಿರಬಹುದು. ಕೇಳಲು ನೀವು ಸಂಕೋಚಪಡುವ ಮೊದಲೇ ನಾವೇ ಎತ್ತುತ್ತೇವೆ.

ಒಂದು, "ಇದು ಚರ್ಚಿನ ಕೆಲಸ, ನಮ್ಮ ಮಕ್ಕಳನ್ನು ಕಳಿಸಿದರೆ ಮತದ ಮಾತು ಬರುವುದಿಲ್ಲವೇ?" ಎಂಬುದು. ನಮ್ಮ ಊರಿನ ಕನ್ನಡ ಮಿತ್ರರೊಬ್ಬರು ಇದನ್ನು ನೇರವಾಗಿಯೇ ಕೇಳಿದರು. ನೇರವಾಗಿ ಕೇಳಿದ್ದಕ್ಕೆ ನಾವು ಇಂದಿಗೂ ಅವರಿಗೆ ಋಣಿ. ನಮ್ಮ ನಿಯಮ ಸ್ಪಷ್ಟವಾಗಿದೆ. ಬೆಳಿಗ್ಗೆ ಎಂಟೂವರೆಗೆ ಚರ್ಚಿನೊಳಗೆ ಪ್ರಾರ್ಥನೆ ಇರುತ್ತದೆ, ಬೇಕಾದವರು ಬರುತ್ತಾರೆ. ಒಂಬತ್ತಕ್ಕೆ ಹೊರಗಿನ ಅಂಗಳದಲ್ಲಿ ಎಲ್ಲರೂ ಸೇರುತ್ತಾರೆ. ಯಾರ ಅಂಗಳದಲ್ಲಿಯೂ ಕರಪತ್ರ ಹಂಚಕೂಡದು, ಯಾರನ್ನೂ ಆರಾಧನೆಗೆ ಕರೆಯಕೂಡದು. ಎಲೆ ಗುಡಿಸಿ ಪ್ರತಿಫಲವಾಗಿ ಆತ್ಮವನ್ನು ಕೇಳಿದರೆ ಅದು ಮುಯ್ಯಿಯಾಗುವುದಿಲ್ಲ, ವ್ಯಾಪಾರವಾಗುತ್ತದೆ ಎಂದು ನಮ್ಮ ಸಭಾಪಾಲಕರೇ ಹೇಳಿದರು. ಲೂಕನ ಸುವಾರ್ತೆಯಲ್ಲಿ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿದ ಸಮಾರ್ಯದವನ ಕಥೆಯಿದೆ. ಎತ್ತಿದವನು ಬಿದ್ದವನ ಮತದವನಾಗಿರಲಿಲ್ಲ ಎಂಬುದೇ ಆ ಕಥೆಯ ಸಾರ. ಈಗ ಆ ಮಿತ್ರರ ಇಬ್ಬರು ಮಕ್ಕಳೂ ಬರುತ್ತಾರೆ. ಅವರ ಮನೆಯವರು ಹನ್ನೆರಡೂವರೆಯ ಊಟಕ್ಕೆ ದೊಡ್ಡ ಪಾತ್ರೆಯಲ್ಲಿ ಹುಬ್ಬಳ್ಳಿ ಗಿರ್ಮಿಟ್ ಮಾಡಿ ತರುತ್ತಾರೆ. ಚುರುಮುರಿಗೆ ಹಸಿಮೆಣಸಿನಕಾಯಿ ಒಗ್ಗರಣೆ ಬಿದ್ದ ಮೇಲೆ ಸೂಪಿನ ಪಾತ್ರೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಎರಡು, ಗಂಟೆಗಳ ಪಟ್ಟಿ. ಮೇರಿಲ್ಯಾಂಡ್ ರಾಜ್ಯದಲ್ಲಿ ಪ್ರೌಢಶಾಲೆ ಮುಗಿಸಲು 75 ಗಂಟೆಗಳ ಸೇವೆ ಕಡ್ಡಾಯವೆಂಬ ನಿಯಮವಿದೆ. ಬೇರೆ ಕಡೆಗಳಲ್ಲಿ ಕಡ್ಡಾಯವಲ್ಲದಿದ್ದರೂ ಕಾಲೇಜು ಪ್ರವೇಶಕ್ಕೆ ಅನುಕೂಲವೆಂದು ನಮ್ಮ ತಂದೆತಾಯಂದಿರು ಮಕ್ಕಳ ಬೆನ್ನು ಹತ್ತುತ್ತಾರೆ. ನಾವೂ ಹತ್ತಿದ್ದೇವೆ, ಅಡಗಿಸಿ ಪ್ರಯೋಜನವಿಲ್ಲ. ನಾವು ಸಹಿ ಹಾಕುತ್ತೇವೆ, ಬೇಡವೆನ್ನುವುದಿಲ್ಲ. ಆದರೆ ಒಂದು ಷರತ್ತು: ಹಾಳೆಯ ಹಿಂಬದಿಯಲ್ಲಿ ಆ ದಿನ ಭೇಟಿಯಾದ ಒಬ್ಬರ ಹೆಸರು, ಅವರ ಬಗ್ಗೆ ತಿಳಿದ ಒಂದು ಸಂಗತಿ, ಇವೆರಡನ್ನು ಮಗು ಬರೆಯಬೇಕು. ಮೂರೂವರೆ ಗಂಟೆ ಎಂಬ ಅಂಕಿ ಮರೆತುಹೋಗುತ್ತದೆ. ಗಂಟು ಹಾಕಲು ಕಲಿಸಿದ ನಾವಿಕನ ಹೆಸರು ಮರೆಯುವುದಿಲ್ಲ.

ಮೊದಲ ವರ್ಷ ವ್ಯಾನಿನಲ್ಲಿ ಪ್ರಶ್ನೆ ಕೇಳಿದ ಹುಡುಗನನ್ನು ನೆನಪಿಡಿರಿ. ಅವನು ಈಗ ಕಾಲೇಜಿನಲ್ಲಿದ್ದಾನೆ. ಸಹಾಯ ಮಾಡಿದ್ದು ಅವರಿಗೋ ನಮಗೋ ಎಂದಿದ್ದ. ಏಳು ವರ್ಷಗಳ ನಂತರ ನಮಗೆ ಹೊಳೆಯುತ್ತಿರುವ ಉತ್ತರವಿಷ್ಟೆ: ಎರಡನ್ನೂ ಬೇರ್ಪಡಿಸಿ ನೋಡಲು ಸಾಧ್ಯವಾಗದಂತೆ ಮಾಡಿದ ದಿನ ಆ ಕೆಲಸ ಸರಿಯಾಗಿ ಆಗಿದೆಯೆಂದು ತಿಳಿಯಬೇಕು.

ಸಹೋದರ ಸಹೋದರಿಯರೇ, ನಿಮ್ಮ ಊರಿನಲ್ಲಿ ಎಲೆ ಉದುರದಿರಬಹುದು. ಹಿಮ ಬೀಳುತ್ತಿರಬಹುದು, ಅಥವಾ ಬರಿಯ ಬಿಸಿಲೇ ಇರಬಹುದು. ಚರ್ಚಿನ ಮಕ್ಕಳಿರಬಹುದು, ದೇವಸ್ಥಾನದ ಮಕ್ಕಳಿರಬಹುದು, ಈ ಕೂಟದ ಕನ್ನಡ ಶಾಲೆಯ ಮಕ್ಕಳಿರಬಹುದು. ದೊಡ್ಡ ಯೋಜನೆ ಬೇಡ, ಹಣ ಬೇಡ, ಬ್ಯಾನರ್ ಬೇಡವೇ ಬೇಡ. ಒಂದು ಹಾಳೆ, ಒಂದು ಪೆನ್ನು, ಕದ ತಟ್ಟಲು ಇಬ್ಬರು ಮಕ್ಕಳು ಸಾಕು. ಇಂದು ರಾತ್ರಿ ಮನೆಗೆ ಹೋಗುವಾಗ, ಗ್ಯಾರೇಜಿನ ಗುಂಡಿ ಒತ್ತುವ ಮೊದಲು, ಎಡಗಡೆ ಎರಡು ಮನೆ, ಬಲಗಡೆ ಎರಡು ಮನೆ ನೋಡಿರಿ. ಆ ನಾಲ್ಕು ಮನೆಗಳಲ್ಲಿ ಎಷ್ಟು ಜನರಿದ್ದಾರೆಂದು ಮನಸ್ಸಿನಲ್ಲಿಯೇ ಬರೆದುಕೊಳ್ಳಿರಿ. ನಾಳೆ ಭಾನುವಾರ. ಲೆಕ್ಕ ಸರಿಯಾಗಿದೆಯೇ ಎಂದು ಹೋಗಿ ಕೇಳಿ ಬನ್ನಿರಿ.

 ಹೋಳಿಗೆ ತಣ್ಣಗಾಗುತ್ತಿದೆ. ವೈದ್ಯರ ಅಪ್ಪಣೆಯಿದೆ, ತುಪ್ಪದೊಂದಿಗೇ ಊಟ ಮಾಡಿರಿ.